ಕತ್ತರಿಮಾವ ಗಂಟೆ ಹೊಡೆದದ್ದು

ಕತ್ತರಿಮಾವನ ಕತ್ತರಿಯನ್ನು ಅವನೊಬ್ಬನ ಹೊರತು ಯಾರೂ ಮುಟ್ಟುವಂತಿರಲಿಲ್ಲ. ಯಾರೋ ಒಮ್ಮೆ ಅದರಲ್ಲಿ ಕಾಗದ ಕತ್ತರಿಸಿದ್ದಕ್ಕೆ ಅವನು ಎಂಟು ದಿನ ಹೊಲಿಗೆ ಅಂಗಡಿಯಲ್ಲಿ ಒಬ್ಬರೊಂದಿಗೂ ಮಾತಾಡಿರಲಿಲ್ಲ. ಊಟಕ್ಕೆ ಕೂತಾಗಲೂ ಅದು ಪಕ್ಕದಲ್ಲಿರಬೇಕು. ಇದನ್ನು ಕಂಡು, ಗುಂಡಿ ಹಚ್ಚುವ ಗುಂಡಿಯಕ್ಕ ಆಗಾಗ, ಕತ್ತರಿಗೆ ಗಂಡು ಗೊತ್ತಾಯಿತೇ ಎಂದು ಗಂಭೀರವಾಗಿ ವಿಚಾರಿಸುತ್ತಿದ್ದಳು.

ಇಂಥವನಿಗೆ ಈಗ ಒಂದು ದಿಗಿಲು ಹತ್ತಿತ್ತು. ಬಸ್ಸಿನ ಚಾಲಕರಿಗೆಂದು ಹೊಲಿದ ಕಡುನೀಲಿ ಕೋಟುಗಳಲ್ಲಿ ಮೂರು ವಾಪಸು ಬಂದಿದ್ದವು. ಮೈ ನೀಲಿ, ತೋಳು ಕಪ್ಪು. ತಂದವರು ನಗುನಗುತ್ತಲೇ ಮೇಜಿನ ಮೇಲಿಟ್ಟರು. ಇನ್ನೊಂದು ಹೀಗೆ ಬಂದರೆ ಬೇರೆ ಅಂಗಡಿ ನೋಡಿಕೊಳ್ಳುತ್ತೇವೆ ಎನ್ನುವಾಗ ಮಾತ್ರ ನಗಲಿಲ್ಲ. ನೀಲಿ ಥಾನು, ಕಪ್ಪು ಥಾನು ಎರಡೂ ಒಂದೇ ನೇಯ್ಗೆಯವು. ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ಇದು ಇಂಥದ್ದೆಂದು ಹೇಳುವ ಮಾವನ ವಿದ್ಯೆ ಇಲ್ಲಿ ಕೈಕೊಟ್ಟಿತ್ತು. ಕೆನ್ನೆಗೆ ಬಣ್ಣ ಕಾಣುವುದಿಲ್ಲವಲ್ಲ.

ಕಣ್ಣು ಹೋಯಿತು ಎಂದು ಮಾವ ತೀರ್ಮಾನಿಸಿಕೊಂಡ. ಬಾಯಿ ಬಿಡಲಿಲ್ಲ. ಬಿಟ್ಟರೆ ಕತ್ತರಿ ಇನ್ನೊಬ್ಬರ ಪಾಲು. ತಾನು ಗುಂಡಿಯಕ್ಕನ ಪಕ್ಕದಲ್ಲಿ ಮಣೆ ಹಾಕಿಕೊಂಡು ಗುಂಡಿ ಹಚ್ಚಬೇಕು, ದಿನವಿಡೀ ಅವಳ ಬಾಯಿಗೆ ಬೀಳಬೇಕು.

ಅಂಗಡಿ ನಡೆಸುವವಳು ಅವನ ಸೊಸೆ, ಅಕ್ಕನ ಮಗಳು. ಕೋಟು ವಾಪಸು ಬಂದ ಮೇಲೆ ಅವಳು ಒಂದು ವಾರ ತರಬೇತಿಗೆ ಹೋಗಿ, ಕೆಲಸದಲ್ಲಿ ದಂಡವಾಗುವುದನ್ನೂ ತಪ್ಪಾಗುವುದನ್ನೂ ಕಡಿಮೆ ಮಾಡುವ ಬಗೆ ಕಲಿತು ಬಂದಳು. ಬಂದವಳೇ ಸೀಮೆಸುಣ್ಣ ಹಿಡಿದು, ಒಂದೊಂದು ಸಾಮಾನಿಗೂ ಗೆರೆ ಎಳೆದು ಜಾಗ ಗೊತ್ತುಮಾಡಿದಳು. ಯಾರು ಎಷ್ಟು ಹೆಜ್ಜೆ ಹಾಕುತ್ತಾರೆಂದು ಎಣಿಸಿದಳು. ಗುಂಡಿಯಕ್ಕ ದಾರಕ್ಕೆಂದು ದಿನಕ್ಕೆ ನಲವತ್ತು ಸಲ ಏಳುತ್ತಾಳೆಂದು ತಿಳಿದು ದಾರವನ್ನು ಅವಳ ಮೊಣಕೈ ಬಳಿಗೇ ತಂದಿಟ್ಟಳು. ಆ ನಡಿಗೆಯಿಂದಲೇ ತನ್ನ ಸೊಂಟ ಗಟ್ಟಿಯಾಗಿತ್ತು ಎಂದು ಗುಂಡಿಯಕ್ಕ ಎರಡು ದಿನ ಗೊಣಗಿದಳು.

ಕೊನೆಗೆ ನಡುಗಂಬಕ್ಕೆ ಒಂದು ಸೈಕಲ್ ಗಂಟೆ ಬಂತು. ತಪ್ಪು ಕಂಡವರು, ಅದು ತಮ್ಮದೇ ಆಗಿದ್ದರೂ, ಗಂಟೆ ಹೊಡೆಯಬೇಕು. ಎಲ್ಲರೂ ಕೈ ನಿಲ್ಲಿಸಬೇಕು. ಯಾರು ಮಾಡಿದ್ದು ಎಂದು ಕೇಳಬಾರದು. ಯಾಕಾಯಿತು ಎಂದು ಐದು ಸಲ ಕೇಳಬೇಕು.

ನಾಲ್ಕು ದಿನ ಗಂಟೆ ತೆಪ್ಪಗಿತ್ತು. ಅಂಗಡಿಯ ತಪ್ಪುಗಳೆಲ್ಲ ರಜೆ ಹಾಕಿ ಹೋದಂತಿತ್ತು.

ಐದನೆಯ ದಿನ ಮಧ್ಯಾಹ್ನ ಮಾವ ಕತ್ತರಿಸಿದ ತೋಳುಗಳ ಕಟ್ಟು ಹಿಡಿದು ಬಾಗಿಲ ಬಳಿಯ ಹೊಲಿಗೆ ಯಂತ್ರದತ್ತ ಹೊರಟ. ಹೊಸ್ತಿಲ ಬಿಸಿಲು ಬಿದ್ದದ್ದೇ ತಡ, ಗಕ್ಕನೆ ನಿಂತ. ಒಂದು ಜೋಡಿ ಕಪ್ಪು. ಯಾರೂ ನೋಡಿರಲಿಲ್ಲ. ಮೇಜಿನಡಿ ತುರುಕಿ ಬೇರೆ ಜೋಡಿ ಕತ್ತರಿಸಿದರೆ ಮುಗಿಯಿತು. ತುರುಕಲು ಬಗ್ಗಿಯೂ ಬಿಟ್ಟ. ಆದರೆ ಇವತ್ತು ಬಿಸಿಲು ತೋರಿಸಿಕೊಟ್ಟಿತು. ನಾಳೆ ಮೋಡ ಕವಿದರೆ? ಆ ಕೋಟು ಹೋಗಿ, ಹಿಂದೆಯೇ ಅಂಗಡಿಯ ಕೆಲಸವೂ ಹೋಗುತ್ತದೆ. ಸೊಂಟ ನೆಟ್ಟಗೆ ಮಾಡಿಕೊಂಡು ಕಂಬದ ಬಳಿ ಹೋದ.

ಟ್ರಿಣ್.

ಯಂತ್ರಗಳು ನಿಂತವು. ಗುಂಡಿಯಕ್ಕನ ಸೂಜಿ ಗಾಳಿಯಲ್ಲೇ ಉಳಿಯಿತು. ಸೊಸೆ ಓಡಿ ಬಂದು ತೋಳು ನೋಡಿದಳು.

"ಇದು ಯಾಕೆ ಕಪ್ಪಾಯ್ತು ಮಾವ?"

"ಕಪ್ಪು ಥಾನು ಎಳ್ಕೊಂಡೆ."

"ಯಾಕೆ?"

"ನೀಲಿ ಅಂದ್ಕೊಂಡೆ."

"ಯಾಕೆ ಹಾಗನ್ನಿಸ್ತು?"

ಮಾವ ಕತ್ತರಿಯನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಅವಳ ಕಡೆ ತಳ್ಳಿದ. "ಕಣ್ಣು ಹೋಯ್ತಮ್ಮ. ತಗೋ, ನೀನೇ ಇಟ್ಕೋ."

ಸೊಸೆ ಕತ್ತರಿ ಮುಟ್ಟಲಿಲ್ಲ.

"ಇನ್ನೂ ಎರಡು ಯಾಕೆ ಬಾಕಿ ಇವೆ. ಕಣ್ಣು ಹೋದವರಿಗೆ ಬಾಗಿಲ ಹತ್ರ ಯಾಕೆ ಕಾಣಿಸ್ತು?"

"ಅಲ್ಲಿ ಬೆಳಕಿದೆ."

"ಇಲ್ಲಿ ಯಾಕಿಲ್ಲ?"

ಉತ್ತರ ಗುಂಡಿಯಕ್ಕನಿಂದ ಬಂತು. "ಇಲ್ಲೂ ಒಂದು ಕಿಟಕಿ ಇತ್ತು ಮಾಸ್ತರೇ. ನಿಮ್ಮ ಆಸ್ತಿ ಅದನ್ನ ನುಂಗಿ ವರ್ಷ ಆಯ್ತು."

ಆಸ್ತಿ ಎಂದರೆ ಚೂರುಬಟ್ಟೆಯ ಏಳು ಮೂಟೆ. ಕತ್ತರಿಸಿ ಉಳಿದ ಅಂಗೈಯಗಲದ ತುಂಡನ್ನೂ ಮಾವ ಎಸೆದವನಲ್ಲ. ತುಂಬಿದ ಮೂಟೆಗಳು ಒಂದರ ಮೇಲೊಂದು ಕೂತು, ಕಿಟಕಿಯ ಮೇಲಿನ ಚಿಲಕದವರೆಗೆ ಬೆಳೆದಿದ್ದವು. ಎಂದಾದರೂ ಬೇಕಾಗುತ್ತದೆ ಎಂದು ಹೇಳಲು ಅವನು ಬಾಯಿ ತೆರೆದ. ಆ ಮಾತನ್ನು ಅಂಗಡಿಯವರೆಲ್ಲ ಅವನಿಗಿಂತ ಮೊದಲೇ ಹೇಳಿ ಮುಗಿಸಿದರು.

ಮಾವ ಮೂಟೆಗಳನ್ನು ನೋಡಿದ, ಕತ್ತರಿಯನ್ನು ನೋಡಿದ. ಆಮೇಲೆ ತಾನೇ ಹೋಗಿ ಮೇಲಿನ ಮೂಟೆಯ ಕಿವಿ ಹಿಡಿದು ಕೆಳಗೆಳೆದ. ಏಳನೆಯದು ಇಳಿಯುವ ಹೊತ್ತಿಗೆ ಮೇಜಿನ ತುಂಬ ಬಿಸಿಲು. ನೀಲಿ ನೀಲಿಯಾಗಿ, ಕಪ್ಪು ಕಪ್ಪಾಗಿ, ಒಂದಕ್ಕೊಂದು ಸಂಬಂಧವೇ ಇಲ್ಲದವರಂತೆ ಬಿದ್ದಿದ್ದವು. ಮಾವ ಎರಡನ್ನೂ ಮೂರು ಮೂರು ಸಲ ನೋಡಿ, ಸದ್ದಿಲ್ಲದೆ ಕತ್ತರಿಯನ್ನು ತನ್ನ ಕಡೆ ಎಳೆದುಕೊಂಡ. ಮೋಡದ ದಿನವೂ ಬರುತ್ತದಲ್ಲ ಎಂದು ಸೊಸೆ ಕಪ್ಪು ಥಾನನ್ನು ಇನ್ನೊಂದು ಗೋಡೆಯ ಕಪಾಟಿಗೆ ಸಾಗಿಸಿದಳು.

ಸಂಜೆ ಚೂರುಬಟ್ಟೆಯಿಂದ ಹಾಸಿಗೆ ತುಂಬುವವನು ಬಂದು ಮೂಟೆಗಳನ್ನು ಗಾಡಿಗೆ ಹೇರಿದ. ಕೊನೆಯದನ್ನು ಎತ್ತಿಕೊಡುವಾಗ ಮಾವನ ಕೈ ಒಳಗೆ ಹೋಗಿ ಒಂದು ತುಂಡಿನೊಂದಿಗೆ ಜೇಬಿಗೆ ಬಂದದ್ದು ಸೊಸೆಯ ಕಣ್ಣಿಗೆ ಬಿತ್ತು.

"ಅದ್ಯಾಕೆ ಮಾವ?"

"ಐದು ಸಲ ಕೇಳ್ಬೇಡ. ಮೊದಲ್ನೇದಕ್ಕೇ ಹೇಳ್ಬಿಡ್ತೀನಿ. ಆಸೆ."

ಗುಂಡಿಯಕ್ಕ ಆಗಲೇ ಎದ್ದಿದ್ದಳು. ಕಂಬದವರೆಗೆ ನಡೆಯಲು ಒಂದು ನೆಪ ಸಿಕ್ಕ ಖುಷಿಗೆ ಗಂಟೆಯನ್ನು ಎರಡು ಸಲ ಹೊಡೆದಳು.