ಹಿತ್ತಿಲ ಖರ್ಜೂರ

ಲಕ್ಷ್ಮೇಶ್ವರದ ಕಾಳಿನ ಪೇಟೆಯ ಹಿಂದಿನ ಓಣಿಗೆ ಹೋಗಿ, ತಗಡಿನ ಪೆಟ್ಟಿಗೆ ಮಾಡುವ ಅಲ್ಲಾಉದ್ದೀನನ ಮನೆ ಯಾವುದು ಎಂದು ಕೇಳಿದರೆ, “ಮಾಳಿಗಿ ಮ್ಯಾಲೆ ಮುಳ್ಳಿನ ಗರಿ ಕಾಣ್ತಾವ ನೋಡ್ರಿ, ಅದ ಮನಿ” ಎನ್ನುತ್ತಾರೆ. ಆ ಗರಿಗಳು ಖರ್ಜೂರದ ಮರಗಳವು. ನೆಟ್ಟಿದ್ದು ಮೂರು ಮರ. ಮೂರನ್ನೂ ಬೀಜದಿಂದ ಎಬ್ಬಿಸಿದವಳು ಅಲ್ಲಾಉದ್ದೀನನ ಹೆಂಡತಿ ದಿಲಶಾದಬಿ.

ಎಂಟು ವರ್ಷದ ಹಿಂದೆ ರಮಜಾನ್ ತಿಂಗಳು ಮುಂಗಾರಿನ ಹೊತ್ತಿಗೆ ಬಂದಿತ್ತು. ಸಂಜೆ ಉಪವಾಸ ಬಿಟ್ಟ ಮೇಲೆ ತಾಟಿನಲ್ಲಿ ಉಳಿದ ಖರ್ಜೂರದ ಬೀಜಗಳನ್ನು ಅವಳು ದಿನವೂ ಕಸಕ್ಕೆ ಹಾಕುತ್ತಿದ್ದಳು. ಒಂದು ಸಂಜೆ ಬೀಜವೊಂದನ್ನು ಬೆಳಕಿಗೆ ಹಿಡಿದು, “ಇದನ್ನ ಹಚ್ಚಿದರ ಹತ್ತೀತೇನ?” ಎಂದು ಕೇಳಿದಳು. ಆಗ ಕಾಲೇಜಿಗೆ ಹೋಗುತ್ತಿದ್ದ ಮಗಳು ಸಬೀನಾ ನಕ್ಕಳು. “ಅಮ್ಮೀ, ಇದು ಮರಳುಗಾಡಿನ ಗಿಡ. ನಮ್ಮ ಎರಿ ಮಣ್ಣಾಗ ಬರೂದಿಲ್ಲ.”

ಬರುವುದಿಲ್ಲ, ಆಗುವುದಿಲ್ಲ ಎಂಬ ಮಾತು ದಿಲಶಾದಬಿಯ ಕಿವಿಗೆ ಬಿದ್ದರೆ ಮುಗಿಯಿತು, ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಹನ್ನೆರಡು ಬೀಜಗಳನ್ನು ತಿಕ್ಕಿ ತೊಳೆದು, ಎರಡು ದಿನ ನೀರಿನಲ್ಲಿ ನೆನೆಹಾಕಿ, ಹಸಿ ಅರಿವೆಯಲ್ಲಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿಟ್ಟು ಒಲೆಯ ಪಕ್ಕದ ಗೂಡಿಗೆ ಸೇರಿಸಿದಳು. ತಿಂಗಳಾಯಿತು. ಅರಿವೆ ಮುಗ್ಗಿತು, ಬದಲಿಸಿದಳು. ಎರಡನೆಯ ತಿಂಗಳಲ್ಲಿ ಐದು ಬೀಜಗಳ ಹೊಟ್ಟೆಯಿಂದ ಬಿಳಿಯ ಬಾಲ ಹೊರಬಿತ್ತು. ಗಂಡನ ಅಂಗಡಿಯಿಂದ ಐದು ಹಳೆಯ ಎಣ್ಣೆ ಡಬ್ಬಿ ತಂದು, ತಳಕ್ಕೆ ತೂತು ಹೊಡೆಸಿ, ಎರೆ ಮಣ್ಣಿಗೆ ಅರ್ಧಕ್ಕರ್ಧ ಮರಳು ಬೆರೆಸಿ ಊರಿದಳು. ಬಾಲ ಕೆಳಕ್ಕಿಳಿಯಿತೇ ಹೊರತು ಮೇಲೆ ಏನೂ ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಒಂದೊಂದೇ ಎಲೆ ಹುಟ್ಟಿತು, ಅದೂ ಥೇಟ್ ಹುಲ್ಲಿನಂತೆ.

“ಏನ ಹುಲ್ಲು ಸಾಕಾಕತ್ತೀಯೇನ?” ಎಂದ ಅಲ್ಲಾಉದ್ದೀನ.

“ಸಾಕತೇನಿ,” ಎಂದಳು ಅವಳು.

ಒಂದನ್ನು ಗೆದ್ದಲು ತಿಂದಿತು, ಇನ್ನೊಂದನ್ನು ಪಕ್ಕದ ಮನೆಯ ಆಡು. ಉಳಿದ ಮೂರಕ್ಕೆ ಮೂರನೆಯ ವರ್ಷ ನಿಜವಾದ ಗರಿ ಬಂದವು, ಗರಿಯ ಬುಡಕ್ಕೆ ದಬ್ಬಣದಂಥ ಮುಳ್ಳು ಬಂದವು. ಅವಳು ಒಂದನ್ನು ಹಿಂದಿನ ಗೋಡೆಯ ಮೂಲೆಗೆ, ಒಂದನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಒಂದನ್ನು ಹಿತ್ತಿಲ ನಟ್ಟನಡುವೆ ನೆಟ್ಟಳು. ಬಚ್ಚಲ ನೀರಿಗೆ ಕಾಲುವೆ ತೋಡಿ ಮೂರಕ್ಕೂ ತಿರುಗಿಸಿದಳು. ಸಬೀನಾಳ ಮದುವೆಯಾಯಿತು, ಅವಳು ಗದಗಿನ ಗಂಡನ ಮನೆಗೆ ಹೋದಳು. ಗಿಡಗಳು ಮಾಳಿಗೆ ದಾಟಿದವು.

ಏಳನೆಯ ವರ್ಷ ಮೂಲೆಯ ಗಿಡ ಹೊಂಬಾಳೆ ಬಿಟ್ಟಿತು. ಕವಚ ಸೀಳಿ, ಹಳದಿ ಮಣಿ ಪೋಣಿಸಿದಂಥ ಎಳೆಗಳು ಹೊರಬಂದ ದಿನ ದಿಲಶಾದಬಿ ಇಡೀ ಓಣಿಯನ್ನು ಕರೆದು ತೋರಿಸಿದಳು. ತಿಂಗಳೊಳಗೆ ಆ ಮಣಿಗಳೆಲ್ಲ ಕಪ್ಪಾಗಿ ನೆಲಕ್ಕುದುರಿದವು. ನೋಡಿ ಹೋದವರೆಲ್ಲ ಈಗ ಮರುಕ ತೋರಿಸಲು ಬಂದರು. ಆ ಮರುಕ ಅವಳಿಗೆ ಮುಳ್ಳಿಗಿಂತ ಹೆಚ್ಚು ಚುಚ್ಚಿತು.

ಈ ವರ್ಷ ಮಾತು ಬೇರೆಯಾಯಿತು. ಅಲ್ಲಾಉದ್ದೀನ ಮೂವತ್ತು ವರ್ಷದಿಂದ ಕಾಳಿನ ಡಬ್ಬಿ, ಪೆಟ್ಟಿಗೆ ಬಡಿಯುತ್ತಿದ್ದ ಅಂಗಡಿಯನ್ನು ಅದರ ಧಣಿ ಬಿಡಿಸಿಕೊಳ್ಳುವವನಿದ್ದ. ಬೇರೆ ಜಾಗ ಸಿಕ್ಕಿರಲಿಲ್ಲ. ಉಳಿದದ್ದು ಹಿತ್ತಿಲು.

“ಶೆಡ್ ಹಾಕಬೇಕು,” ಎಂದ ಅವನು ಫೆಬ್ರುವರಿಯ ಒಂದು ಬೆಳಿಗ್ಗೆ, ಟೇಪು ಹಿಡಿದು ಹಿತ್ತಿಲು ಅಳೆಯುತ್ತ. “ಗಿಡ ತೆಗಸ್ತೇನಿ. ಹಣ್ಣಿಲ್ಲ, ನೆರಳಿಲ್ಲ, ಬರೇ ಮುಳ್ಳು.”

“ಹೂವು ಬಿಟ್ಟೈತಲ್ಲ.”

“ಹೋದ ವರ್ಷನೂ ಬಿಟ್ಟಿತ್ತು.”

ಅವನು ಸಿಟ್ಟಿನಿಂದ ಹೇಳಿರಲಿಲ್ಲ. ಹೊಟ್ಟೆಪಾಡಿನ ಮಾತು ಎಂಬುದು ಅವಳಿಗೂ ಗೊತ್ತಿತ್ತು. ಅವಳು ಮೂಲೆಯ ಗಿಡದ ಕಡೆ ನೋಡಿದಳು. ಅದರ ಸುಳಿಯ ಸುತ್ತ ಮೂರು ಕವಚಗಳು ತಲೆಯೆತ್ತಿದ್ದವು, ಇನ್ನೂ ಒಡೆದಿರಲಿಲ್ಲ.

“ಬಕ್ರೀದ್ ತನಕ ಬಿಡ್ರಿ,” ಎಂದಳು. “ಅಷ್ಟೊತ್ತಿಗೆ ಕಾಯಿ ನಿಲ್ಲಲಿಲ್ಲಂದ್ರ ನಾನ ಕೊಡ್ಲಿ ಹಿಡಿತೇನಿ.”

ಅವನು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ. “ಬಕ್ರೀದ್ ತನಕ. ಆತು.”

ಮೊದಲ ಕವಚ ಒಡೆದ ದಿನವೇ ದಿಲಶಾದಬಿ ಒಂದು ಎಳೆ ಮುರಿದು ಊಟದ ಡಬ್ಬಿಯಲ್ಲಿಟ್ಟುಕೊಂಡು ಹುಲಕೋಟಿಗೆ ಹೊರಟಳು. ಅಲ್ಲಿ ಮುತ್ತುರಾಜ ಮಾಸ್ತರ ಎಂಬ ನಿವೃತ್ತರಿದ್ದರು. ಶಾಲೆಯಲ್ಲಿ ತೋಟಗಾರಿಕೆ ಕಲಿಸಿದವರು. ಹಿಂದೊಮ್ಮೆ ಬೀಜದ ಡಬ್ಬಿ ಮಾಡಿಸಿಕೊಳ್ಳಲು ಅಂಗಡಿಗೆ ಬಂದವರು ಮನೆಗೂ ಬಂದು ಅವಳ ಗಿಡ ನೋಡಿ ಬೆರಗಾಗಿದ್ದರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗಿನಿಂದ ಅವಳು ಎಲ್ಲಿಗೆ ಹೋಗಲೂ ಯಾರನ್ನೂ ಕೇಳುತ್ತಿರಲಿಲ್ಲ.

ಮಾಸ್ತರು ಕನ್ನಡಕ ಹಣೆಗೇರಿಸಿ ಎಳೆಯನ್ನು ಕಣ್ಣಿನ ಹತ್ತಿರ ಹಿಡಿದರು.

“ಇದು ಹೆಣ್ಣು ಗಿಡ, ಬೀಬೀ. ಖರ್ಜೂರದಾಗ ಗಂಡು ಬ್ಯಾರೆ, ಹೆಣ್ಣು ಬ್ಯಾರೆ. ಗಂಡು ಹೂವಿನ ಹಿಟ್ಟು ಇದರ ಮ್ಯಾಲೆ ಬಿದ್ದರಷ್ಟ ಕಾಯಿ ನಿಲ್ತೈತಿ. ಇಲ್ಲಂದ್ರ ಎಷ್ಟು ನೀರು ಹಾಕಿದರೂ ಉದರತೈತಿ.”

ವರ್ಷವಿಡೀ ತನ್ನದೇ ತಪ್ಪೇನೋ ಎಂದು ಗೊಬ್ಬರ ಬದಲಿಸಿ, ನೀರು ಬದಲಿಸಿ ಒದ್ದಾಡಿದ್ದವಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. “ಉಳಿದ ಎರಡರಾಗ ಗಂಡು ಇರಬಹುದೇನ್ರಿ?”

“ಇರಬಹುದು, ಇಲ್ಲದನೂ ಇರಬಹುದು. ಬೀಜದ ಗಿಡ ಹೂವು ಬಿಡೂತನಕ ಯಾರಿಗೂ ತಿಳಿಯೂದಿಲ್ಲ.”

“ಮತ್ತ ಈಗೇನ ಮಾಡ್ಲಿ?”

ಮಾಸ್ತರು ಯೋಚಿಸಿದರು. “ಈಚಲ ಗಿಡ ಐತಲ್ಲ, ಕಸಬರಗಿ ಮಾಡತಾರಲ್ಲ, ಅದೂ ಇದರ ಕುಲದ್ದ. ಗಂಡು ಈಚಲದ ಹಿಟ್ಟು ಇದಕ್ಕ ನಡೀತೈತಿ. ಆದರ ಹೂವು ಒಡೆದು ನಾಕೈದು ದಿನದಾಗ ಮುಟ್ಟಸಬೇಕು. ಈಗ ನಮ್ಮ ಕಡಿ ಈಚಲ ಎಲ್ಲಿ ಉಳದಾವ? ಹಿರೇಹಂದಿಗೋಳದ ಹಳ್ಳದಾಗ ಒಂದು ಕಾಲಕ್ಕ ಸಾಲಾಗಿ ಇದ್ದವು.”

ಅವಳು ಅಂದೇ ಹಿರೇಹಂದಿಗೋಳಕ್ಕೆ ಹೋದಳು. ಹಳ್ಳದಲ್ಲಿ ಸುಟ್ಟ ಮೋಟುಗಳಿದ್ದವು. ಮರುದಿನ ರಮಜಾನ್ ಶುರುವಾಯಿತು. ನಸುಕಿನ ಊಟ ಮುಗಿಸಿ, ಬೆಳಕು ಹರಿದ ಮೇಲೆ ಶಿರಹಟ್ಟಿಗೆ ಹೋಗಿ ಎರಡು ಹಳ್ಳ ತಿರುಗಿದಳು. ಸಿಕ್ಕ ಆರು ಈಚಲಗಳಲ್ಲಿ ಆರೂ ಹೆಣ್ಣು. ಅವಳ ಗಿಡದಲ್ಲಿದ್ದಂಥದೇ ಹಳದಿ ಮಣಿ. ಬಸ್‌ಸ್ಟ್ಯಾಂಡಿನಲ್ಲಿ ಕಸಬರಿಗೆ ಮಾರುತ್ತಿದ್ದ ಹೆಂಗಸನ್ನು ಕೇಳಿದಳು, “ಈ ಗರಿ ಎಲ್ಲಿಂದ ತರ್ತೀರಿ?”

“ನಮಗ ಮುಂಡರಗಿ ಹನಮಂತಜ್ಜ ಕೊಡ್ತಾನ್ರಿ. ಹೊಳಿ ಕಡಿ ಅವನ ಹೊಲದ ಬದುವಿನಾಗ ಅದಾವ.”

ಹೂವು ಒಡೆದು ಆಗಲೇ ಎರಡು ದಿನವಾಗಿತ್ತು. ಮೂರನೆಯ ದಿನ ಅವಳು ಮುಂಡರಗಿಯ ಬಸ್ಸು ಹತ್ತಿದಳು. ಇಳಿದ ಮೇಲೆ ಮತ್ತೆರಡು ಮೈಲಿ ನಡಿಗೆ. ಮಾರ್ಚಿನ ಬಿಸಿಲು, ಬಾಯಲ್ಲಿ ಹನಿ ನೀರಿಲ್ಲ. ಹನಮಂತಜ್ಜನ ಗುಡಿಸಲು ಮುಟ್ಟುವಷ್ಟರಲ್ಲಿ ಕಣ್ಣ ಮುಂದೆ ಚುಕ್ಕಿ ಕುಣಿಯುತ್ತಿದ್ದವು. ಎಪ್ಪತ್ತು ದಾಟಿದ ಮುದುಕ ತಂಬಿಗೆ ನೀರು ತಂದ.

“ರೋಜಾ ಐತಿ ಅಜ್ಜಾ. ಗಂಡು ಈಚಲ ತೋರಸು, ಸಾಕು.”

“ಗಂಡು ಯಾರಿಗೆ ಬೇಕಾಗೇತಿ?” ಎಂದ ಅವನು ಅಚ್ಚರಿಯಿಂದ. ಅವಳು ಎಲ್ಲ ಹೇಳಿದಳು. ಅವನು ಪೂರ್ತಿ ಕೇಳಿ, ಏಣಿ ಹೆಗಲಿಗೇರಿಸಿ ಬದುವಿಗೆ ಕರೆದೊಯ್ದ. ಮರ ಎರಡಾಳೆತ್ತರ. ತುದಿಯಲ್ಲಿ ಬೆಳ್ಳಗಿನ ಹೊಂಬಾಳೆ. ಗಾಳಿ ಬೀಸಿದಾಗ ಅದರಿಂದ ಹಿಟ್ಟು ಹೊಗೆಯಂತೆ ಏಳುತ್ತಿತ್ತು.

“ಏರಾಕ ನನ್ನ ಮೊಣಕಾಲು ಒಪ್ಪೂದಿಲ್ಲವ್ವಾ. ಮಗ ಸಂಜಿಗೆ ಬರ್ತಾನ, ಕುಂಡ್ರು.”

“ಸಂಜಿಗೆ ಬಸ್ಸು ಹೋಕ್ಕೈತಿ.”

ಐವತ್ತೆರಡು ವರ್ಷದಲ್ಲಿ ಅವಳು ಯಾವ ಮರವನ್ನೂ ಹತ್ತಿದವಳಲ್ಲ. ಸೆರಗು ಸೊಂಟಕ್ಕೆ ಬಿಗಿದು, ಕುಡುಗೋಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಏಣಿ ಏರಿದಳು. ಕೆಳಗೆ ಮುದುಕ ಏಣಿಯನ್ನು ಎರಡೂ ಕೈಯಿಂದ ಅವುಚಿ ಹಿಡಿದಿದ್ದ. ಗರಿಯ ಬುಡದ ಮುಳ್ಳು ಅಂಗೈಗೆ ನಾಟಿತು. ಅದನ್ನು ಕಿತ್ತುಕೊಂಡು ಇನ್ನೊಂದು ಮೆಟ್ಟಿಲು ಏರಿದಳು. ಅರಳಿದ ಹೊಂಬಾಳೆಯೊಂದನ್ನು ಕೊಯ್ದು ಪೇಪರಿನಲ್ಲಿ ಸುತ್ತಿ ಇಳಿದಾಗ ಅವಳ ಮುಖ, ಹುಬ್ಬು, ರವಿಕೆಯೆಲ್ಲ ಗಿರಣಿಯವಳಂತೆ ಬಿಳಿಯಾಗಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೂ ಕೂರಲಿಲ್ಲ. ಗಾಳಿಗೆ ಹಿಟ್ಟು ಹಾರೀತು ಎಂದು ಊರು ಮುಟ್ಟುವವರೆಗೆ ನಡುವೆ ನಿಂತೇ ಬಂದಳು.

ಮರುದಿನ ಬೆಳಿಗ್ಗೆ, ಅಷ್ಟರಲ್ಲಿ ಒಡೆದಿದ್ದ ಎರಡು ಗೊನೆಗಳ ನಡುವೆ ಬಿಳಿಯ ಎಳೆಗಳನ್ನು ಸಿಕ್ಕಿಸಿ ಸಡಿಲವಾಗಿ ಕಟ್ಟಿದಳು. ಮಿಕ್ಕ ಹಿಟ್ಟನ್ನು ನೆರಳಲ್ಲಿ ಆರಿಸಿ, ಜರಡಿ ಹಿಡಿದು, ಕಣ್ಣಿಗೆ ಹಚ್ಚುವ ಸುರ್ಮಾದ ಖಾಲಿ ಶೀಶೆಯಲ್ಲಿ ತುಂಬಿಟ್ಟಳು.

ಅಂದು ಮಧ್ಯಾಹ್ನ, ಯಾರೂ ನೆನೆಸಿರದ ಮಳೆ ಬಂತು. ಗುಡುಗಿಲ್ಲ, ಸೂಚನೆಯಿಲ್ಲ, ಒಮ್ಮೆಲೇ ಬಂದು ಒಂದು ತಾಸು ಹೊಡೆಯಿತು. ದಿಲಶಾದಬಿ ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದಳು. ಗೊನೆಗಳಿಂದ ಹಾಲು ಕಲಸಿದಂಥ ನೀರು ಇಳಿದು ಮಣ್ಣು ಸೇರಿತು. ಅಂಗಡಿಯಿಂದ ಬಂದ ಅಲ್ಲಾಉದ್ದೀನ ಅವಳ ಹಿಂದೆ ಬಂದು ನಿಂತ. ಅವಳು ಅಳುತ್ತಿರಲಿಲ್ಲ. ಹೊದಿಕೆಯಿಲ್ಲದೆ ಕಟ್ಟಿದ ತನ್ನ ದಡ್ಡತನಕ್ಕೆ ಹಲ್ಲು ಕಡಿಯುತ್ತಿದ್ದಳು.

“ಇನ್ನೊಂದು ಗೊನಿ ಐತಿ,” ಎಂದಳು. “ಅದಿನ್ನೂ ಒಡದಿಲ್ಲ.”

 ಮರುದಿನ ಅವನು ಅಂಗಡಿಯಿಂದ ಬರುವಾಗ ತಗಡಿನ ಒಂದು ಟೊಪ್ಪಿಗೆ ತಂದ. ಅಗಲ ಛತ್ರಿಯಷ್ಟು, ಅಂಚು ಮಡಚಿ ನುಣುಪಾಗಿ ಬಡಿದದ್ದು, ಕಾಂಡಕ್ಕೆ ಬಿಗಿಯಲು ಕಬ್ಬಿಣದ ಪಟ್ಟಿ ಸಮೇತ.

“ಮತ್ತ ಮಳಿ ಬಂದರ ನೀ ಮುಂದಿನ ವರ್ಷ ಅಂತೀ,” ಎಂದ. “ನನಗ ಮುಂದಿನ ವರ್ಷದ ಪುರಸತ್ತಿಲ್ಲ.”

ಆರು ದಿನಕ್ಕೆ ಮೂರನೆಯ ಕವಚ ಒಡೆಯಿತು. ಅವನೇ ಏಣಿ ಹಿಡಿದ. ಅವಳು ಶೀಶೆಯ ಹಿಟ್ಟನ್ನು ಅರಳೆಗೆ ಹಚ್ಚಿ ಒಂದೊಂದು ಎಳೆಗೂ, ಮಗುವಿನ ಮುಖಕ್ಕೆ ಪೌಡರ್ ಬಳಿಯುವಂತೆ, ಮೃದುವಾಗಿ ಒತ್ತಿದಳು. ಮೇಲೆ ಟೊಪ್ಪಿಗೆ ಬಿಗಿದರು. ಮೂರು ದಿನ ಬಿಡದೆ ಅದನ್ನೇ ಮಾಡಿದಳು. ಶೀಶೆ ಬರಿದಾಯಿತು.

ಮೊದಲಿನ ಎರಡು ಗೊನೆಗಳು ಹೋದ ವರ್ಷದಂತೆಯೇ ಕಪ್ಪಾಗಿ ಉದುರಿದವು. ರಮಜಾನ್ ಹಬ್ಬ ಮುಗಿಯಿತು. ಮೂರನೆಯದರಲ್ಲಿ ಕೆಲವು ಉದುರಿದವು, ಕೆಲವು ಉಳಿದವು. ಉಳಿದವು ಮೆಣಸಿನಕಾಳಿನಷ್ಟಾದವು, ಬಟಾಣಿಯಷ್ಟಾದವು. ದಿಲಶಾದಬಿ ಯಾರನ್ನೂ ಕರೆದು ತೋರಿಸಲಿಲ್ಲ. ಬಕ್ರೀದ್ ಹೊತ್ತಿಗೆ ಗೊನೆ ಹೆಬ್ಬೆರಳಿನಂಥ ಹಸಿರು ಕಾಯಿಗಳ ಭಾರಕ್ಕೆ ಬಾಗಿತ್ತು. ಹಬ್ಬದ ಮರುದಿನ ಅಲ್ಲಾಉದ್ದೀನ ಮತ್ತೆ ಟೇಪು ತೆಗೆದ. ಮೂಲೆಯ ಗಿಡ ಬಿಟ್ಟು ಅಳೆದ. ಒಗೆಯುವ ಕಲ್ಲಿನ ಗಿಡವನ್ನೂ ಬಿಟ್ಟು ಅಳೆದ. ನಡುವಿನ ಗಿಡದ ಹತ್ತಿರ ಬಂದು ನಿಂತ.

“ಇದೊಂದನ್ನ ಬಿಟ್ಟರ ಶೆಡ್ ಆಗೂದಿಲ್ಲ,” ಎಂದ ತಗ್ಗಿದ ದನಿಯಲ್ಲಿ. “ಖರೇನ ಆಗೂದಿಲ್ಲ. ನೀನ ಅಳದು ನೋಡು.”

ಅವಳು ಟೇಪು ತೆಗೆದುಕೊಂಡು ಅಳೆದಳು. ಅವನು ಹೇಳಿದ್ದು ಸರಿಯಿತ್ತು.

“ಇದನ್ನ ಕಡಿಯೂದು ಬ್ಯಾಡ,” ಎಂದಳು. “ಕೀಳೂಣು. ಮುಂಡರಗಿ ಹನಮಂತಜ್ಜನ ಕಡಿ ಹಚ್ಚೂಣು.”

“ಇಷ್ಟು ದೊಡ್ಡದು ಬದಕತೈತೇನ?”

“ಮಾಸ್ತರಿಗೆ ಫೋನ್ ಮಾಡಿ ಕೇಳೇನಿ. ಬೇರಿಗೆ ಮಣ್ಣು ಹಿಡಸಿ ಎತ್ತಿದರ ಬದಕಬಹುದಂತ.”

ಅಂದರೆ ಅವಳು ಮೊದಲೇ ಅಳೆದು ನೋಡಿದ್ದಳು. ಅಲ್ಲಾಉದ್ದೀನನಿಗೆ ಅದು ತಿಳಿದು ನಗು ಬಂತು, ತೋರಿಸಿಕೊಳ್ಳಲಿಲ್ಲ.

ಕೊನೆಗೆ ನಾಲ್ಕು ದಿನ ಅಗೆದರು. ಅವಳು ಬುಡದ ಸುತ್ತ ಮೊಳ ದೂರ ಬಿಟ್ಟು ಸನಿಕೆಯಿಂದ ಮಣ್ಣು ಬಿಡಿಸಿದಳು, ಅವನು ಹಾರೆ ಹಾಕಿದ. ಗರಿಗಳನ್ನು ಮೇಲಕ್ಕೆತ್ತಿ ಹಳೆಯ ಸೀರೆಯಿಂದ ಕಟ್ಟಿದರು. ಬೇರಿನ ಹೆಂಟೆಗೆ ಗೋಣಿಚೀಲ ಸುತ್ತಿ, ಅಂಗಡಿಯ ಸರಪಳಿ ರಾಟೆಯಿಂದ ಎತ್ತಿ, ಗೂಡ್ಸ್ ಆಟೋದಲ್ಲಿ ಮಲಗಿಸಿದರು. ದಿಲಶಾದಬಿ ಹಿಂದೆ ಗಿಡದ ಜೊತೆಗೇ ಕುಳಿತಳು. ಶಿರಹಟ್ಟಿ ದಾಟುವಾಗ ಜನ ನಿಂತು ನೋಡಿದರು.

ಹನಮಂತಜ್ಜ ಗುಡಿಸಲ ಮುಂದೆ ಕುಣಿ ತೋಡಿಸಿ ಕಾದಿದ್ದ. ಗಿಡ ನಿಲ್ಲಿಸಿ, ಮಣ್ಣು ತುಳಿದು, ಮೂರು ಕಡೆ ಬಿದಿರಿನ ಆಸರೆ ಕೊಟ್ಟ ಮೇಲೆ ಕೇಳಿದ, “ಇದು ಗಂಡೋ, ಹೆಣ್ಣೋ?”

“ಗೊತ್ತಿಲ್ಲಜ್ಜಾ. ಹೂವು ಬಿಟ್ಟಾಗ ನನಗ ಖಬರ ಕೊಡು.”

ಜುಲೈನಲ್ಲಿ ಮೂಲೆಯ ಗಿಡದ ಕಾಯಿ ಹಳದಿಗೆ ತಿರುಗಿದವು. ಮಳೆ ಜೋರಾಗುವ ಮೊದಲೇ ಗೊನೆ ಇಳಿಸಿದಳು. ಹಣ್ಣು ಗರಿಗರಿ, ಮೊದಲು ಒಗರು, ಆಮೇಲೆ ಕಬ್ಬಿನಂಥ ಸಿಹಿ. ಸಬೀನಾಳಿಗೆ ಗದಗಿಗೆ ಒಂದು ಡಬ್ಬಿ, ಹುಲಕೋಟಿಗೆ ಒಂದು ಡಬ್ಬಿ ಕಳಿಸಿದಳು. ಹೊಸ ಶೆಡ್ಡಿನಲ್ಲಿ ತಗಡು ಬಡಿಯುತ್ತಿದ್ದ ಅಲ್ಲಾಉದ್ದೀನ ನಾಲ್ಕು ತಿಂದು, ಐದನೆಯದಕ್ಕೆ ಕೈ ಚಾಚಿದ.

ಇನ್ನೊಂದು ಡಬ್ಬಿ ತುಂಬಿಕೊಂಡು ಅವಳು ಮುಂಡರಗಿಗೆ ಹೋದಳು. ಗಿಡದ ಹಳೆಯ ಗರಿಗಳೆಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗಿ ಜೋತುಬಿದ್ದಿದ್ದವು. ಹನಮಂತಜ್ಜ ತಪ್ಪು ಮಾಡಿದವನಂತೆ ನಿಂತ. “ದಿನಾ ಎರಡು ಕೊಡ ಹಾಕೇನವ್ವಾ. ಆದರೂ ಹಿಂಗಾತು.”

ದಿಲಶಾದಬಿ ಒಣ ಗರಿಗಳನ್ನು ಸರಿಸಿ ನಡುವೆ ಕೈ ಹಾಕಿದಳು. ಸುಳಿ ಗಟ್ಟಿಯಿತ್ತು. ಮೆಲ್ಲಗೆ ಎಳೆದು ನೋಡಿದಳು; ಬರಲಿಲ್ಲ. ಅದರ ಬುಡದಲ್ಲಿ ಎರಡು ಬೆರಳಗಲ ಹೊಸ ಹಸಿರು ಕಾಣಿಸಿತು.

“ಕೊಡ ಎಲ್ಲೈತಿ ಅಜ್ಜಾ?” ಎಂದು ಕೇಳಿ, ಅವನು ತೋರಿಸಿದ ಕಡೆ ನಡೆದಳು.