ಮೂವತ್ತು ಎಣಿಸುವಷ್ಟು ಬೆಳಕು

ಚಳಿಯಿರಲಿ, ಬೇಸಿಗೆಯ ಧಗೆಯಿರಲಿ, ಗ್ಯಾಲರಿಗಳಲ್ಲಿ ಕಲಾಕೃತಿಗಳ ಫೋಟೋ ತೆಗೆಯುವ ಅವರ ಮೈಮೇಲೆ ಮೊಣಕಾಲಿನವರೆಗೆ ಇಳಿಬಿದ್ದ ಅದೇ ಬೂದು ಬಣ್ಣದ ಕೋಟು. ನೋಡಿದವರು ಜಿಪುಣತನವೆಂದುಕೊಳ್ಳುತ್ತಿದ್ದರು, ಅದು ಜಿಪುಣತನವಲ್ಲ, ವೃತ್ತಿಧರ್ಮ. ಬಿಳಿಯ ಕಲಾಕೃತಿಯ ಎದುರು ಕೆಂಪು ಅಂಗಿ ತೊಟ್ಟು ನಿಂತರೆ ಆ ಕೆಂಪಿನ ಛಾಯೆ ಕೃತಿಗೂ ತಾಗುತ್ತದೆ, ಆಮೇಲೆ ಫೋಟೋ ಸುಳ್ಳು ಸಾಕ್ಷಿ ಹೇಳುತ್ತದೆ ಎಂಬುದು ಅವರ ವಾದ. ಗ್ಯಾಲರಿಯ ಬಾಗಿಲಲ್ಲೇ ಬೂಟು ಬಿಚ್ಚಿ, ಬರಿಯ ಕಾಲುಚೀಲದಲ್ಲಿ, ಮಗು ಮಲಗಿದ ಕೋಣೆಗೆ ಬಂದವರಂತೆ ಹೆಜ್ಜೆಯಿಡುತ್ತಿದ್ದರು. ಕ್ಯಾಮೆರಾಕ್ಕೆ ಕಣ್ಣು ಹಚ್ಚಿದರೆಂದರೆ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ಪಕ್ಕಕ್ಕೆ, ಸ್ವಲ್ಪ ಪಕ್ಕಕ್ಕೆ." ಕಲಾವಿದನಿರಲಿ, ಕಾವಲುಗಾರನಿರಲಿ, ಉದ್ಘಾಟನೆಗೆ ಬಂದ ಮಂತ್ರಿಯೇ ಇರಲಿ, ಅವರ ಚೌಕಟ್ಟಿನೊಳಗೆ ಮನುಷ್ಯಮಾತ್ರರಿಗೆ ಪ್ರವೇಶವಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ಅವರನ್ನು 'ಪಕ್ಕಕ್ಕೆ ಸಾಹೇಬರು' ಎಂದೇ ಕರೆಯುತ್ತಿದ್ದರು.

ಅವರ ಹೆಂಡತಿ ಕಾಗದದಲ್ಲಿ ಕೆಲಸ ಮಾಡುವ ಕಲಾವಿದೆ. ಸಾವಿರಾರು ತೆಳುಹಾಳೆಗಳನ್ನು ದಾರಗಳಲ್ಲಿ ತೂಗುಬಿಟ್ಟು, ಬಂದವರು ಅವುಗಳ ನಡುವೆ ನಡೆದಾಡುವಂತೆ ಇಡೀ ಕೋಣೆಯನ್ನೇ ಕೃತಿಯಾಗಿಸುತ್ತಿದ್ದಳು. ಅಂಥ ಇನ್‌ಸ್ಟಲೇಶನ್‌ಗಳ ಆಯುಷ್ಯ ತಿಂಗಳೊಪ್ಪತ್ತು. ಬಿಚ್ಚಿದ ಮೇಲೆ ಉಳಿಯುವುದು ಗಂಡ ತೆಗೆದ ಫೋಟೋ ಮಾತ್ರ.

ನೇರ ಬೆಳಕು ಬಿದ್ದರೆ ಕಾಗದದ ಜೀವವೇ ಹೋಗುತ್ತದೆಂದು ಸಾಹೇಬರು ಬೆಳಗ್ಗೆ ಗ್ಯಾಲರಿ ತೆರೆಯುವ ಮುನ್ನ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಭದ್ರಪಡಿಸಿ, ಅರ್ಧ ನಿಮಿಷ ಅದರ ಕಣ್ಣು ತೆರೆದಿಡುತ್ತಿದ್ದರು. ಆ ಕತ್ತಲಲ್ಲಿ ಆಕೆ ಕಪ್ಪು ಉಡುಪು ತೊಟ್ಟು, ಬೆಣ್ಣೆಕಾಗದ ಸುತ್ತಿದ ಪುಟ್ಟ ದೀಪ ಹಿಡಿದು, ಹಾಳೆಗಳ ನಡುವೆ ಸುಳಿಯುತ್ತ, ಗೋಡೆಗೆ ಸುಣ್ಣ ಬಳಿದಂತೆ ಬೆಳಕು ಬಳಿಯುತ್ತ ಹೋಗಬೇಕು. ಚಲಿಸುತ್ತಲೇ ಇರುವವರು ಚಿತ್ರದಲ್ಲಿ ಮೂಡುವುದಿಲ್ಲ. ನಿಂತರೆ ಕೆಟ್ಟಿತು, ಹೊಗೆಯಂಥ ಆಕೃತಿಯೊಂದು ಉಳಿದುಬಿಡುತ್ತದೆ. ಅವರು ಗಟ್ಟಿಯಾಗಿ ಮೂವತ್ತರವರೆಗೆ ಎಣಿಸುತ್ತಿದ್ದರು, ಆಕೆ ಆ ಎಣಿಕೆಗೆ ಹೆಜ್ಜೆ ಹಾಕುತ್ತಿದ್ದಳು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು.

ಒಮ್ಮೆ ಮಾತ್ರ ತಪ್ಪಿತು. ನೆಗಡಿಯಾಗಿದ್ದ ಸಾಹೇಬರು ಹದಿನೆಂಟು ಎನ್ನಹೋಗಿ ಕೋಣೆ ನಡುಗುವಂತೆ ಸೀನಿದರು. ಆಕೆ ನಕ್ಕು ನಿಂತೇಬಿಟ್ಟಳು. ಫಿಲ್ಮ್ ತೊಳೆದು ನೋಡಿದರೆ ಹಾಳೆಗಳ ನಡುವೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿರುವ ಮಸುಕು ಹೆಂಗಸು!

"ರೀ, ಇದೊಂದು ಇರಲಿ ಬಿಡಿ. ನನ್ನ ಕೆಲಸದ ಜೊತೆ ನಾನೂ ಒಂದ್ಸಲ ಇದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಕೆಟ್ಟ ಫೋಟೋ ಮನೇಲಿ ಇರ್ಬಾರ್ದು ಕಣೇ. ಇನ್ನೊಂದಿನ ನಿನ್ನನ್ನೇ ನಿಲ್ಲಿಸಿ ಚೆನ್ನಾಗಿ ತೆಗೀತೀನಿ" ಎಂದು ಸಾಹೇಬರು ಆ ನೆಗೆಟಿವ್ ಅನ್ನು ಕತ್ತರಿಯಿಂದ ನಾಲ್ಕು ತುಂಡು ಮಾಡಿದರು. ಮರುದಿನ ಅದೇ ಚಿತ್ರವನ್ನು ಮತ್ತೆ ತೆಗೆದರು, ಒಂದು ಕಲೆಯಿಲ್ಲದಂತೆ. ಆ 'ಇನ್ನೊಂದಿನ' ಮಾತ್ರ ಬರಲೇ ಇಲ್ಲ. ಹೋದ ವರ್ಷ ಆಕೆ ವಾರದ ಜ್ವರದಲ್ಲಿ ತೀರಿಕೊಂಡಳು.

ಈಗ ಗ್ಯಾಲರಿಯವರು ಆಕೆಯ ನೆನಪಿಗೆ ಪ್ರದರ್ಶನ ಏರ್ಪಡಿಸಿ, ಬಾಗಿಲ ಬಳಿ ಹಾಕಲು ಕಲಾವಿದೆ ತನ್ನ ಕೃತಿಯೊಡನೆ ಇರುವ ಒಂದು ಫೋಟೋ ಕೊಡಿ ಎಂದರು. ಗುರುತಿನ ಚೀಟಿಯಲ್ಲಿ ಗಾಬರಿಗೊಂಡ ಮುಖವೊಂದಿತ್ತು. ಮಗಳ ಫೋನಿನಲ್ಲಿ ಊಟದ ಮೇಜಿನ ಮುಂದೆ ಕೂತವು ನಾಲ್ಕಾರಿದ್ದವು. ಸಾಹೇಬರು ಮೂರು ವಾರ ಭೂತಗನ್ನಡಿ ಹಿಡಿದು ಪೆಟ್ಟಿಗೆ ಪೆಟ್ಟಿಗೆ ಜಾಲಾಡಿದರು. ಎಲ್ಲಾದರೂ ಆಕೆಯ ಮೊಣಕೈ, ಸೆರಗಿನ ಚೂರು, ಕಡೇಪಕ್ಷ ಒಂದು ನೆರಳು? ಅವರ ಕೈಚಳಕ ಅಷ್ಟು ಪಕ್ಕಾ ಇತ್ತು, ಏನೂ ಸಿಗಲಿಲ್ಲ.

"ಇಷ್ಟು ವರ್ಷ ಕ್ಯಾಮೆರಾ ಹಿಡಿದೆಯಲ್ಲಪ್ಪಾ, ಅಮ್ಮನ್ನ ಒಂದ್ಸಲ ಅವಳ ಕೆಲಸದ ಜೊತೆ ನಿಲ್ಲಿಸೋಕೆ ಆಗ್ಲಿಲ್ವಾ ನಿಂಗೆ?" ಎಂದು ಮಗಳು ಕೇಳಿಯೇಬಿಟ್ಟಳು. ಅವರು ಕೋಟಿನ ಗುಂಡಿ ತಿರುವುತ್ತ ಕೂತರು.

ಚಿತ್ರಗಳನ್ನು ತೂಗುಹಾಕಿದ ದಿನ, ಸೀನಿದ ಮರುದಿನದ ಆ ಚಿತ್ರ ಗೋಡೆಯಗಲ ನಿಂತಿತ್ತು. ಮಗಳು ಬಂದು ಎದುರಿಗೇ ಅಡ್ಡ ನಿಂತರೂ ಸಾಹೇಬರು ಪಕ್ಕಕ್ಕೆ ಎನ್ನಲಿಲ್ಲ. ಬೆರಳು ಚಾಚಿ ತೋರಿಸತೊಡಗಿದರು. "ನೋಡು, ಇಲ್ಲಿಂದ ಒಳಗೆ ಬಂದ್ಲು. ಆರು ಎಣಿಸೋ ಹೊತ್ತಿಗೆ ಇಲ್ಲಿ ಬಗ್ಗಿದ್ಲು, ಅದಕ್ಕೇ ಈ ಅಂಚು ಇಷ್ಟು ಬೆಳ್ಳಗಿದೆ. ಹನ್ನೆರಡಕ್ಕೆ ಕೈ ಎತ್ತಿದ್ಲು, ಎಟುಕಲಿಲ್ಲ, ಮೇಲಿನ ಹಾಳೆ ಮಂಕಾಗಿದೆ ನೋಡು. ಹದಿನೇಳು... ಹದಿನೆಂಟು..."

ಬೆರಳು ಅಲ್ಲೇ ನಿಂತಿತು. ಮಗಳು ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಮೆಲ್ಲಗೆ ಮುಂದಕ್ಕೆ ಸರಿಸುತ್ತ, "ಹತ್ತೊಂಬತ್ತು" ಎಂದಳು.

ಪ್ರೀತಿಸಿದ್ದನ್ನು ಅಂದವಾಗಿ ಕಾಣಿಸಬೇಕೆಂಬ ಹಟದಲ್ಲಿ ಪ್ರೀತಿಸಿದವರನ್ನೇ ಪಕ್ಕಕ್ಕೆ ಸರಿಸುವ ಜನ ಎಲ್ಲ ಕಸುಬಿನಲ್ಲೂ ಇದ್ದಾರೆ. ಕೆಟ್ಟವರಲ್ಲ ಅವರು, ನಾಳೆಯನ್ನು ಅತಿಯಾಗಿ ನಂಬಿದವರು. ಕೊನೆಗೆ ಅವರ ಪಾಲಿಗೆ ಉಳಿಯುವುದು ದೋಷವಿಲ್ಲದ ನೂರಾರು ಚಿತ್ರಗಳು, ಮತ್ತು ಅವುಗಳಲ್ಲಿ ಒಂದರಲ್ಲಾದರೂ ಆ ಒಂದು ದೋಷ ಇರಬಾರದಿತ್ತೇ ಎಂಬ ಹಂಬಲ.