ಕಾಯಿದೆ ಅಜ್ಜನ ಎಡಗೈ

ಆ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ನಕ್ಷೆ ಬಿಚ್ಚಿ ಕೂರುತ್ತೀರಿ, ಕಥೆ ಅಲ್ಲಿಗೇ ನಿಂತುಹೋಗುತ್ತದೆ. ಕಪ್ಪು ಮಣ್ಣಿನ ಬಯಲು, ಬಯಲ ತುಂಬ ಸೂರ್ಯಕಾಂತಿ, ನೆಲದಡಿಯಲ್ಲಿ ಕಲ್ಲಿದ್ದಲು, ಮೂಡಲಿಗೆ ಅಗಲವಾದ ಒಂದು ನದಿ. ಇಷ್ಟು ಗೊತ್ತಿದ್ದರೆ ಸಾಕು. ಊರಿನ ಒಲೆಗಳೂ ದೀಪಗಳೂ ಉರಿಯುತ್ತಿದ್ದುದು ಆ ಗಣಿಯಿಂದಲೇ. ಗಣಿಗೆ ಒಬ್ಬ ಯಜಮಾನನಿದ್ದ. ಗಣಿಯ ಬಾಗಿಲ ಪಕ್ಕದ ಸಣ್ಣ ಕೋಣೆಯಲ್ಲಿ ಯಜಮಾನನಿಗಿಂತಲೂ ಹಳಬನಾದ ಇನ್ನೊಬ್ಬನಿದ್ದ. ಅವನನ್ನು ಎಲ್ಲರೂ ಕಾಯಿದೆ ಅಜ್ಜ ಎನ್ನುತ್ತಿದ್ದರು.

ಅಜ್ಜನಿಗೆ ಇದ್ದದ್ದು ಎರಡೇ ಕೆಲಸ. ಬೆಳಗ್ಗೆ ಬಲಗೈಯನ್ನು ಬಾಗಿಲಿಗೆ ಅಡ್ಡ ಚಾಚಿ, ಗಣಿಗೆ ಇಳಿಯಲು ಬಂದ ಹೆಂಗಸರನ್ನು ತಡೆಯುವುದು. ಸಂಜೆ ಎಡಗೈಯಲ್ಲಿ ಹಗ್ಗ ಜಗ್ಗಿ ಗಂಟೆ ಬಾರಿಸಿ, ದುಡಿಯುವವರನ್ನೆಲ್ಲ ಮನೆಗೆ ಕಳಿಸುವುದು. ಗಂಟೆ ಬಿದ್ದ ಮೇಲೆ ಯಜಮಾನನಲ್ಲ, ಯಜಮಾನನ ಅಪ್ಪ ಬಂದರೂ ಒಬ್ಬರನ್ನು ಹಿಡಿದಿಟ್ಟುಕೊಳ್ಳುವಂತಿರಲಿಲ್ಲ. ಯಜಮಾನನಿಗೆ ಅಜ್ಜನ ಬಲಗೈ ಕಂಡರೆ ಪ್ರೀತಿ, ಎಡಗೈ ಕಂಡರೆ ಹೊಟ್ಟೆಯುರಿ.

ಯಾರಿನಾ ಎಂಬವಳು ಗಣಿಯ ಅಂಗಳದಲ್ಲಿ ಕೂತು ಕಲ್ಲಿದ್ದಲಿನೊಳಗಿನ ಕಲ್ಲು ಆರಿಸುವ ಕೆಲಸದಲ್ಲಿದ್ದಳು. ಅವಳ ಗಂಡ ಓಸ್ತಾಪ್ ಕೆಳಗೆ ಇಳಿಯುವವನು. ಇಬ್ಬರೂ ಮಾಡುತ್ತಿದ್ದುದು ಬೆನ್ನು ಮುರಿಯುವ ಕೆಲಸವೇ, ಆದರೆ ನೆಲದ ಮೇಲೆ ದುಡಿಯುವವರಿಗೆ ನೆಲದಡಿಯವರ ಅರ್ಧ ಕೂಲಿ. ಮಗಳು ಹುಟ್ಟಿದ ಮೇಲೆ ಒಂದು ದಿನ ಯಾರಿನಾ ಗಟ್ಟಿ ಮನಸ್ಸು ಮಾಡಿ ಬಾಗಿಲಿಗೆ ಹೋದಳು. ಅಜ್ಜನ ಬಲಗೈ ಅಡ್ಡ ಬಂತು.

"ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ ಮಗಳೇ. ನೆಲದ ಕೆಳಗಿನ ಕೆಲಸ ಹೆಣ್ಣಿಗೆ ಆಗಿಬರಲ್ಲ."

"ಅರ್ಧ ಕೂಲಿ ಆಗಿಬರುತ್ತಾ ಅಜ್ಜ?"

ಅಜ್ಜ ಕೈಯನ್ನು ಇನ್ನಷ್ಟು ಚಾಚಿದ. ಉತ್ತರ ಕೊಡುವುದು ಅವನ ಕೆಲಸವಾಗಿರಲಿಲ್ಲ.

ಹೀಗಿರುವಾಗ ನದಿಯಾಚೆಯ ದೊರೆ, ಈ ಊರು ತನ್ನದು ಎಂದ. ಬಾಯಲ್ಲಿ ಹೇಳಿ ಸುಮ್ಮನಾಗಲಿಲ್ಲ, ಫಿರಂಗಿ ಹೂಡಿಯೇ ಹೇಳಿದ. ಮನೆಗಳು ಬಿದ್ದವು, ಸೂರ್ಯಕಾಂತಿ ಹೊಲಗಳು ಬೂದಿಯಾದವು, ಶಾಲೆ ನೆಲಮಾಳಿಗೆಗೆ ಇಳಿಯಿತು. ಊರಿನ ಗಂಡಸರು ನದಿಯ ಕಡೆ ಹೊರಟರು. ಓಸ್ತಾಪ್ ಹೋಗುವಾಗ ಹೆಂಡತಿಗೆ ಹೇಳಿದ್ದು ಒಂದೇ ಮಾತು: "ದೀಪ ಆರದ ಹಾಗೆ ನೋಡ್ಕೋ."

ದೀಪ ಆರಬಾರದೆಂದರೆ ಗಣಿ ನಿಲ್ಲಬಾರದು. ಗಣಿ ನಿಲ್ಲಬಾರದೆಂದರೆ ಇಳಿಯುವವರು ಬೇಕು. ಉಳಿದಿದ್ದವರು ಹೆಂಗಸರು. ಅಜ್ಜನ ಬಲಗೈ ಮಾತ್ರ ಎಂದಿನಂತೆ ಬಾಗಿಲಿಗೆ ಅಡ್ಡವಾಗಿಯೇ ಇತ್ತು. ಆಗ ಯಜಮಾನ ಊರವರನ್ನು ಕೂಡಿಸಿ ಮೆತ್ತಗೆ ಮಾತಾಡಿದ.

"ಅಜ್ಜನಿಗೆ ವಯಸ್ಸಾಯಿತು. ಈ ಸದ್ದು ಗದ್ದಲ ಅವನ ಜೀವಕ್ಕೆ ತಡೆಯುವುದಿಲ್ಲ. ಗಸಗಸೆ ಅರೆದು ಹಾಲು ಕೊಟ್ಟರೆ ನೆಮ್ಮದಿಯಾಗಿ ಮಲಗುತ್ತಾನೆ. ಯುದ್ಧ ಮುಗಿದ ದಿನ ಎಬ್ಬಿಸೋಣ."

ಯಾರಿಗೂ ತಪ್ಪು ಕಾಣಲಿಲ್ಲ. ಹೇಳಿಬಿಡುತ್ತೇನೆ, ಆ ಹಾಲು ಕಾಯಿಸಿದವಳು ಯಾರಿನಾಳೇ. ಲೋಟ ಖಾಲಿಯಾಗಿ ಬಲಗೈ ಮೆಲ್ಲನೆ ಜಾರಿ ಬಿದ್ದಾಗ ಅವಳಿಗೆ ಖುಷಿಯೂ ಆಯಿತು. ಹೆಂಗಸರು ತಲೆಗೆ ದೀಪ ಕಟ್ಟಿಕೊಂಡು, ಆಳಕ್ಕೆ ಇಳಿಸಿ ಏರಿಸುವ ಕಬ್ಬಿಣದ ಪಂಜರದಲ್ಲಿ ನಿಂತು, ಮೊದಲ ಸಲ ನೆಲದೊಳಗೆ ಇಳಿದರು. ಕಲ್ಲಿದ್ದಲು ಕಡಿಯುವ ಯಂತ್ರವನ್ನು ಯಾರಿನಾ ಬೇಗ ಕಲಿತಳು. ಮೊದಲ ದಿನದ ಕಲ್ಲಿದ್ದಲು ಮೇಲೆ ಬಂದು, ಆಸ್ಪತ್ರೆಯ ಕಿಟಕಿಗಳಲ್ಲಿ ಬೆಳಕು ಕಂಡಾಗ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂಗಾಡಿದರು.

ಹೊರಗೆ ಕತ್ತಲಾಯಿತು. ಗಂಟೆ ಬೀಳಲಿಲ್ಲ. ಆಗ ಯಾರಿನಾಳಿಗೆ ಹೊಳೆಯಿತು: ಅಜ್ಜನ ಒಂದೇ ಕೈಗೆ ನಿದ್ದೆ ಬರಿಸುವ ಹಾಲು ಎಲ್ಲಿಯೂ ಸಿಗುವುದಿಲ್ಲ.

ಅಂದಿನಿಂದ ಅವಳು ಮಗಳು ಏಳುವ ಮೊದಲೇ ಮನೆ ಬಿಡುವಳು, ಮಲಗಿದ ಮೇಲೆ ಮನೆ ಸೇರುವಳು. ಮಗುವನ್ನು ನೋಡಿಕೊಳ್ಳುತ್ತಿದ್ದವಳು ಪಕ್ಕದ ಮನೆಯ ಪರಾಸ್ಕಾ, ಆಸ್ಪತ್ರೆಯಲ್ಲಿ ದಾದಿಯಾಗಿದ್ದು ಮುದುಕಿಯಾದವಳು. ಒಮ್ಮೆ ಯಂತ್ರ ಕೆಟ್ಟು ಯಾರಿನಾ ಹೊತ್ತಿಗೆ ಮುಂಚೆ ಮನೆಗೆ ಬಂದಳು. ಮಗಳು ಅವಳನ್ನು ಕಂಡು ಪರಾಸ್ಕಾಳ ಸೆರಗಿನ ಹಿಂದೆ ಅಡಗಿ, "ಅಮ್ಮಾ, ಯಾರೋ ಬಂದ್ರು" ಎಂದಳು.

ಫಿರಂಗಿಗೆ ಹೆದರದ ಯಾರಿನಾ ಅಂದು ಹಿತ್ತಲ ಬಾಗಿಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವಳಿಗೆ ಗಣಿಯ ಕೆಲಸ ಬೇಕಿತ್ತು, ಬಿಡುವ ಮಾತೇ ಇರಲಿಲ್ಲ. ಜೊತೆಗೆ ಮಗಳು ಎಚ್ಚರವಿರುವಾಗ ಒಂದು ಸಂಜೆಯೂ ಬೇಕಿತ್ತು. ಅದು ದುರಾಸೆಯೇ?

ಇಷ್ಟರ ಮೇಲೆ ಯಜಮಾನ ಇನ್ನೊಂದು ಹೊರೆ ಹೊರಿಸಿದ್ದ. ಮಲಗಿದ ಅಜ್ಜನ ಮೈ ಒರೆಸಬೇಕು, ಹಾಸಿಗೆ ಬದಲಿಸಬೇಕು, ಬಾಯಿಗೆ ಗಂಜಿ ಬಿಡಬೇಕು. "ಇದೆಲ್ಲ ನಿಮಗೇ ಚೆನ್ನಾಗಿ ಬರುತ್ತೆ" ಎಂದು ಹಲ್ಲು ಕಿರಿದು ಹೇಳಿ ಹೋಗಿದ್ದ. ಹೆಂಗಸರು ಪಾಳಿ ಮುಗಿಸಿ, ಸರದಿಯ ಮೇಲೆ ಅದನ್ನೂ ಮಾಡುತ್ತಿದ್ದರು.

"ಆಡಿಸದ ಕೈ ಮರಗಟ್ಟಿ ಹೋಗುತ್ತೆ. ದಿನಾ ಎಣ್ಣೆ ಹಾಕಿ ತಿಕ್ಕಬೇಕು," ಎಂದು ಪರಾಸ್ಕಾ ಎಚ್ಚರಿಸಿದಳು.

ಎಣ್ಣೆ ಎಲ್ಲಿಂದ ತರುವುದು? ಹೊಲ ಸುಟ್ಟ ಮೇಲೆ ಸೂರ್ಯಕಾಂತಿ ಎಣ್ಣೆ ಬಂಗಾರವಾಗಿತ್ತು. ಮನೆಮನೆಯ ಬಾಣಲೆಯಿಂದ ಉಳಿಸಿ ತಂದದ್ದು ಬಟ್ಟಲಿನ ತಳ ಮುಚ್ಚುವಷ್ಟು, ಒಂದು ಕೈಗೆ ಮಾತ್ರ ಸಾಲುವಷ್ಟು. ಯಾರಿನಾ ಬಟ್ಟಲು ಹಿಡಿದು ಮಂಚದ ಪಕ್ಕ ನಿಂತು ಅಜ್ಜನ ಎರಡೂ ಕೈಗಳನ್ನು ನೋಡಿದಳು. ಆಮೇಲೆ ಎಡಗಡೆ ಹೋಗಿ ಕೂತಳು.

"ಎರಡೂ ಅವನ ಕೈಯೇ ಕಣೇ," ಎಂದಳು ಪರಾಸ್ಕಾ.

"ಹೌದು. ಆದರೆ ನಮ್ಮದು ಒಂದೇ," ಎಂದಳು ಯಾರಿನಾ.

ಮರುದಿನದ ಸರದಿಯವಳೂ ಎಡಗಡೆಯೇ ಕೂತಳು, ಅದರ ಮರುದಿನದವಳೂ. ಹಿಮ ಬಿದ್ದಿತು, ಕರಗಿತು, ಮತ್ತೆ ಬಿದ್ದಿತು. ನದಿಯ ಕಡೆಯಿಂದ ಕೆಲವರ ಸುದ್ದಿ ಬಂತು, ಕೆಲವರ ಸುದ್ದಿ ಬರಲೇ ಇಲ್ಲ. ಗಂಡ ಸತ್ತ ಸುದ್ದಿ ಬಂದ ದಿನವೂ ಸರದಿ ತಪ್ಪಿಸದವರಿದ್ದರು. ಬೆರಳು ಬೆರಳಾಗಿ ಬಿಡಿಸಿ, ಮಣಿಕಟ್ಟು ತಿರುಗಿಸಿ, ಮೊಣಕೈ ಮಡಚಿ, ಆ ಎಡಗೈಯನ್ನು ಅವರು ಹಸುಗೂಸಿನ ಕೈಯಂತೆ ಮೆತ್ತಗೆ ಇಟ್ಟರು.

ಕೊನೆಗೊಂದು ದಿನ ಫಿರಂಗಿ ಸುಮ್ಮನಾಯಿತು. ನದಿಯಾಚೆಯ ದೊರೆ ಹಿಂದಕ್ಕೆ ಹೋದ. ಬದುಕುಳಿದ ಗಂಡಸರು ಊರಿಗೆ ಬಂದರು. ಓಸ್ತಾಪ್ ಕೋಲೂರಿ ಬಂದ. ಅವನ ಒಂದು ಕಾಲು ನದಿಯ ದಡದಲ್ಲೇ ಉಳಿದಿತ್ತು.

"ಇನ್ನು ನಾನು ಕೆಳಗೆ ಇಳಿಯೋ ಹಾಗಿಲ್ಲ ಯಾರಿನಾ."

"ನಾನು ಇಳೀತೀನಲ್ಲ," ಎಂದಳು ಅವಳು. ಹೇಳುವಾಗಲೇ ಅವಳಿಗೆ ಅಜ್ಜ ನೆನಪಾದ. ಯುದ್ಧ ಮುಗಿದಿದ್ದರೆ ಅಜ್ಜನನ್ನು ಎಬ್ಬಿಸುತ್ತಾರೆ. ಬಲಗೈ ಎದ್ದರೆ ಈ ಮನೆಯ ಅನ್ನ ಹೋಯಿತು.

ಯುದ್ಧ ಮುಗಿಯಿತು, ಬೆಳಗ್ಗೆ ಅಜ್ಜನನ್ನು ಎಬ್ಬಿಸುತ್ತೇವೆ ಎಂದು ಯಜಮಾನ ಆಗಲೇ ಡಂಗುರ ಹೊಡೆಸಿದ್ದ. ಗಂಡಸರು ಬಂದಾಗಿದೆ. ನೆಲದೊಳಗೆ ಇಳಿದು ಬಂದ ಹೆಂಗಸರಂತೂ ಈಗೀಗ ತಲೆ ಎತ್ತಿ ಮಾತಾಡುತ್ತಿದ್ದರು, ಪೂರ್ತಿ ಕೂಲಿ ಕೇಳುತ್ತಿದ್ದರು. ಇವರನ್ನು ಸಾಗಹಾಕಲು ತಾನು ಬಾಯಿ ತೆರೆಯಬೇಕಾಗಿಲ್ಲ, ಅಜ್ಜನ ಬಲಗೈ ಸಾಕು. ಎಡಗೈಯ ಚಿಂತೆಗೂ ಅವನು ದಾರಿ ಹುಡುಕಿದ್ದ: ಬೆಳಗ್ಗೆ ಎಬ್ಬಿಸುವುದು, ಹೆಂಗಸರನ್ನು ತಡೆದಾದ ಮೇಲೆ ಸಂಜೆಯೊಳಗೆ ಇನ್ನೊಂದು ಲೋಟ ಹಾಲು.

ಬೆಳಗ್ಗೆ ಊರೆಲ್ಲ ಗಣಿಯ ಬಾಗಿಲಲ್ಲಿ ನೆರೆಯಿತು. ಅಜ್ಜನ ಮುಖಕ್ಕೆ ತಣ್ಣೀರು ಎರಚಿದರು. ಅವನು ಕಣ್ಣು ಬಿಟ್ಟು, ಆಕಳಿಸಿ, ಹೆಂಗಸರ ಸಾಲನ್ನು ನೋಡಿದ. ಬಲಗೈ ಎತ್ತಲು ಹೋದ. ಭುಜ ಕುಣಿಯಿತು, ಕೈ ಅಲುಗಲಿಲ್ಲ. ಮುಖ ಕೆಂಪಗಾಗುವವರೆಗೂ ಹೆಣಗಿದ. ಒಣಗಿದ ಕೊಂಬೆಯ ಹಾಗೆ ಅದು ಮಂಚದ ಮೇಲೆ ಬಿದ್ದೇ ಇತ್ತು. ಯಾರಿನಾ ತಲೆದೀಪ ಸರಿಮಾಡಿಕೊಂಡು ಮೊದಲು ಒಳಗೆ ಹೋದಳು. ಉಳಿದವರು ಹಿಂಬಾಲಿಸಿದರು.

ಯಜಮಾನ ಹಲ್ಲು ಕಡಿದ. ಸಂಜೆಯ ಹೊತ್ತಿಗೆ ಹಾಲಿನ ಲೋಟ ಹಿಡಿದು ಓಡಿಬಂದ. ಅಜ್ಜನ ಎಡಗೈ ಮೇಲೆದ್ದಿತು. ಲೋಟವನ್ನು ಪಕ್ಕಕ್ಕೆ ತಳ್ಳಿತು, ಹಾಲೆಲ್ಲ ಯಜಮಾನನ ಕೋಟಿನ ಮೇಲೆ. ಆಮೇಲೆ ಹಗ್ಗ ಹಿಡಿದು, ಊರಿನ ಕಿಟಕಿಗಳು ನಡುಗುವಂತೆ ಗಂಟೆ ಬಾರಿಸಿತು.

ಹೆಂಗಸರು ಮೇಲೆ ಬಂದರು. ಇನ್ನೂ ಬಿಸಿಲಿತ್ತು. ಕೆಲವರು ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತೇಬಿಟ್ಟರು.

"ನಿಲ್ಲಿ!" ಯಜಮಾನ ಕೂಗಿದ. "ಯುದ್ಧ ಇನ್ನೂ ಮುಗಿದಿಲ್ಲ! ಅಜ್ಜ ಮಲಗಿರಬೇಕು!"

"ಮುಗಿದಿಲ್ಲ ಅಂದ್ರೆ ನಾಳೆನೂ ನಾವೇ ಇಳೀಬೇಕಲ್ಲ, ಯಜಮಾನ್ರೇ," ಎಂದಳು ಯಾರಿನಾ.

"ಹಾಗಾದರೆ ಮುಗಿದಿದೆ!"

"ಮುಗಿದಿದ್ರೆ ಗಂಟೆ ಬಿದ್ದಾಯ್ತು. ಮನೆಗೆ ಹೊರಟ್ವಿ."

ಡಂಗುರದವನು ಈಗ ಯಾವುದನ್ನು ಸಾರಲಿ ಎಂದು ಯಜಮಾನನ ಮುಖ ನೋಡುತ್ತ ನಿಂತ. ಯಾರಿನಾ ಮನೆಗೆ ಬಂದಾಗ ಮಗಳು ಹೊಸ್ತಿಲ ಮೇಲೆ ಕೂತು ಅಪ್ಪನ ಕೋಲಿನೊಂದಿಗೆ ಆಡುತ್ತಿದ್ದಳು. ಆ ಸಂಜೆ ತಾಯಿ ಮಗಳು ಪರಿಚಯ ಮಾಡಿಕೊಂಡರು. ಸಮಯ ಹಿಡಿಯಿತು, ಆದರೆ ಸಮಯವಿತ್ತು.

ಯಜಮಾನ ಸುಮ್ಮನೆ ಕೂರುವ ಪೈಕಿಯಲ್ಲ. ಹೆಂಗಸರು ಎಡಗೈ ಉಳಿಸಿಕೊಂಡದ್ದು ಹೇಗೆಂದು ಅವನಿಗೂ ತಿಳಿಯಿತು. ಅದನ್ನು ಬೇರೆಯವರಿಂದ ಮಾಡಿಸೋಣವೆಂದರೆ ಊರಲ್ಲಿ ಒಬ್ಬರೂ ಒಪ್ಪಲಿಲ್ಲ. ಕಡೆಗೆ ಅವನೇ ದಿನಾ ಸಂಜೆ ಎಣ್ಣೆಯ ಬಟ್ಟಲು ಹಿಡಿದು ಬಂದು, ನೆಲದ ಮೇಲೆ ಕೂತು, ಅಂಗಿಯ ತೋಳು ಮಡಚಿ, ಅಜ್ಜನ ಬಲಗೈ ತಿಕ್ಕತೊಡಗಿದ. ಕಂಡವರು ಕೈಮುಗಿದರು. "ಎಂಥಾ ಸೇವೆ! ಅಷ್ಟು ದೊಡ್ಡ ಮನುಷ್ಯ!" ಎಂದು ಸಂತೆಯಲ್ಲೆಲ್ಲ ಅದೇ ಮಾತು. ಬಲಗೈಯ ಕಿರುಬೆರಳು ತುಸು ಅಲುಗಿತೆಂದೂ ಸುದ್ದಿಯಾಯಿತು. ಸುದ್ದಿ ಕೇಳಿ ಹೆಂಗಸರ ಮುಖ ಇಳಿಯಿತು.

ಮರುದಿನ ಗಂಟೆ ಬಿದ್ದದ್ದೇ ಯಾರಿನಾ, ಪರಾಸ್ಕಾ ಮತ್ತು ನಾಲ್ಕಾರು ಹೆಂಗಸರು ಅಜ್ಜನ ಕೋಣೆಗೆ ಬಂದರು. ಯಜಮಾನ ಬೆವರು ಸುರಿಸುತ್ತ ಬಲಗೈ ತಿಕ್ಕುತ್ತಿದ್ದ. ಕಿರುಬೆರಳು ನಿಜವಾಗಿಯೂ ಅಲುಗುತ್ತಿತ್ತು. ಅಷ್ಟರಲ್ಲಿ ಅಜ್ಜ ಅವನ ಕಡೆ ತಿರುಗಿದ.

"ಯಾರಪ್ಪಾ ನೀನು? ಗಂಟೆ ಬಿದ್ದ ಮೇಲೂ ಕೆಲಸ ಮಾಡ್ತಿದೀಯ?"

"ನಾನೇ ಅಜ್ಜ, ಯಜಮಾನ."

"ಯಾರಾದ್ರೂ ಆಗಿರು. ಈ ಕೆಲಸಕ್ಕೆ ಕೂಲಿ ಎಷ್ಟು ಕೊಡ್ತಾರೆ?"

"ಕೂಲಿಯೇ? ಏನೂ ಇಲ್ಲ."

ಅಜ್ಜ ದಡಕ್ಕನೆ ಎದ್ದು ಕೂತ. ಅವನ ಗಡ್ಡ ನಡುಗುತ್ತಿತ್ತು. "ಹೊತ್ತು ಮೀರಿ, ಬಿಟ್ಟಿ ದುಡಿಸ್ಕೊಳ್ತಾರಾ? ಒಬ್ಬ ಮನುಷ್ಯನ್ನ? ನಾನು ಜೀವಂತ ಇರುವಾಗ?" ಎಡಗೈ ಯಜಮಾನನ ಕೊರಳಪಟ್ಟಿ ಹಿಡಿದು ಎಬ್ಬಿಸಿ ಬಾಗಿಲಾಚೆ ದಬ್ಬಿತು. "ನಡಿ ಮನೆಗೆ! ನಾಳೆಯಿಂದ ಈ ಕೆಲಸ ಮಾಡೋದು ಕಂಡ್ರೆ ನಾನು ಸುಮ್ಮನಿರಲ್ಲ."

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಲಗೈ ಇನ್ನು ಏಳುವುದಿಲ್ಲವೆಂದು ಗೊತ್ತಾಗಿ, ನಗುತ್ತ ನಗುತ್ತ ಕೆಲವರ ಕಣ್ಣಲ್ಲಿ ನೀರೂ ಬಂತು. ಎಲ್ಲರಿಗಿಂತ ಮೊದಲು ನಗು ನಿಲ್ಲಿಸಿದವಳು ಯಾರಿನಾ.

"ಅಜ್ಜ, ನೀನು ಮಲಗಿದ್ದಷ್ಟು ಕಾಲ ಪಾಳಿ ಮುಗಿಸಿ ಬಂದು ನಿನ್ನನ್ನ ನೋಡಿಕೊಂಡಿದ್ದು ನಾವು. ನಮಗೂ ಯಾರೂ ಕೂಲಿ ಕೊಡ್ಲಿಲ್ಲ."

ಅಜ್ಜನ ಮುಖ ಮೆತ್ತಗಾಯಿತು. ಎಡಗೈಯಿಂದ ಅವಳ ತಲೆ ಸವರಿದ.

"ಹುಚ್ಚು ಹುಡುಗಿ. ನೀವು ಮನೆ ಹೆಣ್ಣುಮಕ್ಕಳು, ಪ್ರೀತಿಯಿಂದ ಮಾಡಿದ್ರಿ. ಅದನ್ನ ಯಾರಾದ್ರೂ ಕೆಲಸ ಅಂತಾರಾ?"

ಯಾರಿನಾ ಯಜಮಾನ ಬಿಟ್ಟುಹೋದ ಬಟ್ಟಲನ್ನು ಎತ್ತಿ ನೋಡಿದಳು. ಅರ್ಧದಷ್ಟು ಎಣ್ಣೆ ಹಾಗೇ ಇತ್ತು.

"ಪರಾಸ್ಕಾ, ಇದನ್ನ ಜೋಪಾನವಾಗಿ ಇಟ್ಟಿರು," ಎಂದಳು. "ನಾಳೆಯಿಂದ ಅಜ್ಜನ ಮರಗಟ್ಟಿದ ಕಿವಿಗೆ ಬಿಡೋಣ."